ಕಪ್ಪು-ಬಿಳುಪು ಬೀದಿ-ವಾಸ್ತು ಛಾಯಾಗ್ರಹಣದಲ್ಲಿ ಪರ್ಸ್‌ಪೆಕ್ಟಿವ್ ಮತ್ತು ಮೈವಳಿಕೆ

ಬೀದಿಯಲ್ಲಿ ನಿಂತು ಕಟ್ಟಡಗಳನ್ನೂ ಅವುಗಳ ನಡುವಿನ ಜನಸಂಚಾರವನ್ನೂ ಬಣ್ಣವಿಲ್ಲದೆ ಸೆರೆಹಿಡಿಯುವ ಛಾಯಾಗ್ರಹಣದಲ್ಲಿ, ಚಪ್ಪಟೆ ಕಾಗದದ ಮೇಲೆ ಆಳವನ್ನೂ ಗಟ್ಟಿತನವನ್ನೂ ಕಾಣಿಸುವ ಎರಡು ಮುಖ್ಯ ಸಾಧನಗಳಿವೆ. ದೂರ ಸರಿದಂತೆ ವಸ್ತುಗಳು ಕಿರಿದಾಗಿ, ಸಮಾನಾಂತರ ಗೆರೆಗಳು ಒಂದು ಬಿಂದುವಿನತ್ತ ಕೂಡುವಂತೆ ಕಾಣುವುದು ಪರ್ಸ್‌ಪೆಕ್ಟಿವ್. ಕಲ್ಲು, ಗಾರೆ, ಮರ, ಕಬ್ಬಿಣಗಳ ಒರಟು-ನಯ ಕಣ್ಣಿಗೆ ತಿಳಿಯುವ ಬಗೆ ಮೈವಳಿಕೆ. ಮೊದಲನೆಯದು ಇಡೀ ಬೀದಿಗೆ, ಎರಡನೆಯದು ಹತ್ತಿರದ ಗೋಡೆಗೆ ಎಂದು ಇವೆರಡನ್ನೂ ಬೇರ್ಪಡಿಸಿ ಕಲಿಸುವುದು ರೂಢಿ. ಆದರೆ ಈ ಪ್ರಕಾರದ ಇತಿಹಾಸದಲ್ಲಿ ಉಳಿದು ಬಂದ ಚಿತ್ರಗಳು ಆ ವಿಂಗಡಣೆಯನ್ನು ಒಪ್ಪುವುದಿಲ್ಲ. ಮೈವಳಿಕೆ ದೂರಕ್ಕೆ ಹಬ್ಬಿದಾಗ ಅದೇ ಪರ್ಸ್‌ಪೆಕ್ಟಿವ್ ಆಗುತ್ತದೆ. ಮೈವಳಿಕೆಯ ಆಸರೆಯಿಲ್ಲದ ಪರ್ಸ್‌ಪೆಕ್ಟಿವ್ ಬರಿಯ ರೇಖಾಚಿತ್ರಕ್ಕೆ ಇಳಿಯುತ್ತದೆ. ಬಣ್ಣದ ನೆರವಿಲ್ಲದ ಕಡೆ ಈ ಪರಸ್ಪರ ಅವಲಂಬನೆ ಇನ್ನಷ್ಟು ಬಿಗಿಯಾಗುತ್ತದೆ.

ಕ್ಯಾಮೆರಾದಿಂದ ತೆಗೆದು ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಚಿತ್ರ ಕಟ್ಟಡಗಳದ್ದೇ. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1827ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ ಅದನ್ನು ತೆಗೆದ. ಬಹಳ ಹೊತ್ತು ಬೆಳಕಿಗೆ ತೆರೆದಿಡಬೇಕಾಗಿದ್ದರಿಂದ ಸೂರ್ಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿ, ಎದುರುಬದುರಿನ ಗೋಡೆಗಳೆರಡರ ಮೇಲೂ ಬಿಸಿಲು ಬಿದ್ದಂತೆ ಮೂಡಿತು. ಚಾವಣಿಗಳ ಓರೆ ಗೆರೆಗಳು ಅದರಲ್ಲಿವೆ, ಗೋಡೆಗಳ ಮೈ ಇಲ್ಲ; ಹಾಗಾಗಿ ಯಾವುದು ಮುಂದೆ, ಯಾವುದು ಹಿಂದೆ ಎಂದು ನೋಡುಗ ತಡಕಾಡಬೇಕಾಗುತ್ತದೆ. ಇದಕ್ಕೆ ಎದುರಾಗಿ, ಆಡಳಿತಾಧಿಕಾರಿ ಹೌಸ್ಮನ್‌ನ ನಗರ ಯೋಜನೆಗೆ ಬಲಿಯಾಗಲಿದ್ದ ಪ್ಯಾರಿಸ್ಸಿನ ಹಳೆಯ ಓಣಿಗಳನ್ನು 1860ರ ದಶಕದಲ್ಲಿ ದಾಖಲಿಸಿದ ಚಾರ್ಲ್ಸ್ ಮಾರ್ವಿಲ್‌ನ ಚಿತ್ರಗಳನ್ನು ಇಡಬಹುದು. ಅವುಗಳಲ್ಲಿ ಕಣ್ಣನ್ನು ಒಳಗೆ ಕರೆದೊಯ್ಯುವುದು ಗೋಡೆಗಳ ಅಂಚಿಗಿಂತ ಹೆಚ್ಚಾಗಿ ನೆಲದ ಹಾಸುಗಲ್ಲು. ಮುಂಭಾಗದಲ್ಲಿ ಒಂದೊಂದಾಗಿ ಎಣಿಸಬಹುದಾದ ಕಲ್ಲುಗಳು ದೂರ ಹೋದಂತೆ ಒತ್ತೊತ್ತಾಗಿ, ಕೊನೆಗೆ ಒಂದೇ ಬೂದು ಬಣ್ಣದಲ್ಲಿ ಕರಗುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಜೆ. ಗಿಬ್ಸನ್ 1950ರಲ್ಲಿ ವಿವರಿಸಿದ್ದು ಇದನ್ನೇ: ಮೇಲ್ಮೈಯ ಕಣಗಳು ದೂರಕ್ಕೆ ಸರಿದಂತೆ ಕ್ರಮವಾಗಿ ದಟ್ಟವಾಗುವುದೇ ಕಣ್ಣಿಗೆ ದೂರದ ಅಳತೆ.

ಪರ್ಸ್‌ಪೆಕ್ಟಿವ್ ಎಲ್ಲವೂ ಲೆನ್ಸಿನ ಕೆಲಸ, ಅಗಲ ನೋಟದ ಲೆನ್ಸ್ ಹಾಕಿದರೆ ಬೀದಿ ತಾನಾಗಿ ಆಳವಾಗುತ್ತದೆ ಎಂಬುದು ಸಾಮಾನ್ಯ ಆಕ್ಷೇಪ. ಆದರೆ ಒಂದೇ ಜಾಗದಲ್ಲಿ ನಿಂತು ಅಗಲ ನೋಟದ ಲೆನ್ಸಿನಿಂದಲೂ ದೂರ ನೋಟದ ಲೆನ್ಸಿನಿಂದಲೂ ಚಿತ್ರ ತೆಗೆದು, ಮೊದಲನೆಯದರ ನಡುಭಾಗವನ್ನು ಕತ್ತರಿಸಿ ಹಿಗ್ಗಿಸಿದರೆ ಎರಡರ ಗೆರೆಗಳೂ ಒಂದರ ಮೇಲೊಂದು ಕೂಡುತ್ತವೆ. ಪರ್ಸ್‌ಪೆಕ್ಟಿವನ್ನು ನಿರ್ಧರಿಸುವುದು ಕ್ಯಾಮೆರಾ ನಿಂತ ಜಾಗ. ಅಲ್ಲಿಂದ ಕಾಣುವುದರಲ್ಲಿ ಎಷ್ಟನ್ನು ಚೌಕಟ್ಟಿಗೆ ಸೇರಿಸಬೇಕೆಂಬುದಷ್ಟೇ ಲೆನ್ಸಿನ ಪಾಲು. ಅಗಲ ನೋಟದ ಚಿತ್ರ ಉತ್ಪ್ರೇಕ್ಷೆಯಂತೆ ಕಾಣುವುದಕ್ಕೆ, ಛಾಯಾಗ್ರಾಹಕ ಕಟ್ಟಡಕ್ಕೆ ತೀರ ಹತ್ತಿರ ನಿಂತಿರುವುದೂ ನೋಡುಗ ಆ ಚಿತ್ರವನ್ನು ದೂರದಿಂದ ನೋಡುವುದೂ ಕಾರಣ. ಎತ್ತರದ ಕಟ್ಟಡಕ್ಕಾಗಿ ಕ್ಯಾಮೆರಾ ಮೇಲಕ್ಕೆತ್ತಿದಾಗ ಲಂಬ ಗೆರೆಗಳು ಒಂದರತ್ತ ಒಂದು ವಾಲುತ್ತವೆ. ಪ್ಯಾರಿಸ್ಸಿನ ಯೂಜೀನ್ ಅಟ್ಜೆ (1857–1927) ತನ್ನ 18×24 ಸೆಂ.ಮೀ. ಗಾಜಿನ ಫಲಕವನ್ನು ಗೋಡೆಗೆ ಸಮಾನಾಂತರವಾಗಿಯೇ ಇಟ್ಟು, ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸಿ ಈ ವಾಲುವಿಕೆಯನ್ನು ತಪ್ಪಿಸುತ್ತಿದ್ದ. ಲೆನ್ಸಿನ ಬೆಳಕು ಮೂಲೆಗಳಿಗೆ ಮುಟ್ಟದೆ ಹಲವು ಚಿತ್ರಗಳ ಮೇಲಂಚು ಕಮಾನಿನಂತೆ ಕಪ್ಪಾಗಿರುವುದು ಇದರ ಗುರುತು. ಲಂಬ ಗೆರೆ ನೆಟ್ಟಗಿದ್ದಾಗ ಗೋಡೆಯ ಕಲ್ಲುಸಾಲು ಬುಡದಿಂದ ತುದಿಯವರೆಗೆ ಒಂದೇ ಅಳತೆಯಲ್ಲಿ ಉಳಿಯುತ್ತದೆ. ಆಗ ಆಳ ತೋರಿಸುವ ಹೊಣೆ ನೆಲಕ್ಕೂ ಬದಿಗೋಡೆಗಳಿಗೂ ವರ್ಗವಾಗುತ್ತದೆ.

ಇನ್ನೊಂದು ಆಕ್ಷೇಪ ಮೈವಳಿಕೆಯ ಬಗ್ಗೆ: ಅದು ಲೆನ್ಸಿನ ಹರಿತಕ್ಕೂ ಕಾಂಟ್ರಾಸ್ಟಿಗೂ ಸಂಬಂಧಿಸಿದ್ದು, ಸಂಸ್ಕರಣೆಯಲ್ಲಿ ಬೇಕಾದಷ್ಟು ಹೆಚ್ಚಿಸಿಕೊಳ್ಳಬಹುದು ಎನ್ನುವುದು. ಆದರೆ ಇಂಗ್ಲೆಂಡಿನ ಟಾಲ್ಬಟ್ 1844ರಲ್ಲಿ ತೆಗೆದ ತೆರೆದ ಬಾಗಿಲಿನ ಚಿತ್ರ ಕಾಗದದ ನೆಗೆಟಿವ್‌ನಿಂದ ಬಂದದ್ದು. ಕಾಗದದ ನಾರು ಸೂಕ್ಷ್ಮ ವಿವರಗಳನ್ನು ಮಸುಕುಗೊಳಿಸಿದರೂ ಹಳೆಯ ಬಾಗಿಲು, ಅದಕ್ಕೆ ಒರಗಿಸಿದ ಪೊರಕೆ, ಗೋಡೆಯ ಕಲ್ಲು ಮೂರೂ ಬೇರೆ ಬೇರೆ ಮೈಯಾಗಿ ತಿಳಿಯುತ್ತವೆ, ಏಕೆಂದರೆ ಬಿಸಿಲು ಓರೆಯಾಗಿ ಬಿದ್ದಿದೆ. ಉಬ್ಬುತಗ್ಗುಗಳು ನೆರಳು ಚೆಲ್ಲಿದಾಗಲೇ ಒರಟುತನಕ್ಕೆ ಆಕಾರ. ನೆತ್ತಿಯ ಮೇಲಿನ ಸೂರ್ಯ ನೆಲದ ಉಬ್ಬುತಗ್ಗನ್ನು ಅಳಿಸಿ, ಗೋಡೆಯ ಅಡ್ಡ ಪಟ್ಟಿಗಳಿಗೆ ಮಾತ್ರ ನೆರಳು ಕೊಡುತ್ತಾನೆ. ಹಂಪಿಯನ್ನು 1856ರ ಸುಮಾರಿಗೆ ಚಿತ್ರಿಸಿದ ಅಲೆಕ್ಸಾಂಡರ್ ಗ್ರೀನ್‌ಲಾ ಬಳಸಿದ್ದೂ ಮೇಣ ಲೇಪಿಸಿದ ಕಾಗದವನ್ನೇ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇನ್ನೂ ಇದ್ದ ಇಟ್ಟಿಗೆಯ ಗೋಪುರಕ್ಕೆ ಆತನ ಚಿತ್ರ ಇಂದು ಪುರಾವೆಯಾಗಿದೆ. ಹಾಗಾದರೆ ಬಿಸಿಲೇ ಇಳಿಯದ ಓಣಿಗಳ ಗತಿಯೇನು? ಮಾರ್ವಿಲ್‌ನ ಅನೇಕ ಚಿತ್ರಗಳಲ್ಲಿ ಬೀದಿಯ ನಡುವಿನ ಕಾಲುವೆಯ ನೀರು, ಒದ್ದೆ ಕಲ್ಲಿನ ಹೊಳಪು ಆ ಕೆಲಸ ಮಾಡುತ್ತವೆ: ಮೇಲಿನಿಂದ ಇಳಿದ ಆಕಾಶದ ಬೆಳಕು ಒದ್ದೆ ಮೈಗೆ ತಾಗಿ ನೋಡುಗನತ್ತ ಓರೆಯಾಗಿ ಮರಳುತ್ತದೆ. ಸಂಸ್ಕರಣೆ ಇರುವ ನೆರಳನ್ನು ಗಾಢಗೊಳಿಸಬಲ್ಲದು. ಬೀಳದ ನೆರಳನ್ನು ಅದು ಕಂಡುಹಿಡಿಯಲಾರದು.

ಇಪ್ಪತ್ತನೆಯ ಶತಮಾನದ ಎರಡು ಪ್ರಯೋಗಗಳು ಈ ವಾದವನ್ನು ಇನ್ನೂ ಕಠಿಣ ಪರೀಕ್ಷೆಗೆ ಒಡ್ಡುತ್ತವೆ. ಮಾಸ್ಕೋದ ಅಲೆಕ್ಸಾಂಡರ್ ರೋಡ್ಚೆಂಕೊ 1925ರಲ್ಲಿ ಮ್ಯಾಸ್ನಿತ್ಸ್ಕಾಯಾ ಬೀದಿಯ ಮನೆಯನ್ನು ಬುಡದಲ್ಲಿ ನಿಂತು ನೇರ ಮೇಲಕ್ಕೆ ನೋಡಿ ಚಿತ್ರಿಸಿದ. ಹೊಕ್ಕುಳ ಮಟ್ಟದಿಂದಲೇ ಲೋಕವನ್ನು ನೋಡುವ ಹಳೆಯ ಚಾಳಿಯನ್ನು ಕೆಲವು ವರ್ಷಗಳ ಬಳಿಕ ಬರಹದಲ್ಲೂ ಟೀಕಿಸಿದ. ಇಲ್ಲಿ ವಾಲುವ ಗೆರೆಗಳೇ ಎಲ್ಲ ಎನ್ನಿಸಬಹುದು. ಆದರೆ ಎತ್ತರವನ್ನು ಅಳೆದು ಕೊಡುವುದು ಒಂದರ ಮೇಲೊಂದು ಕಿರಿದಾಗುತ್ತ ಹೋಗುವ ಬಾಲ್ಕನಿಗಳ ಸಾಲು. ನೆಲದ ಹಾಸುಗಲ್ಲು ಅಲ್ಲಿ ಗೋಡೆಗೇರಿದೆ. ನ್ಯೂಯಾರ್ಕಿನಲ್ಲಿ ಪಾಲ್ ಸ್ಟ್ರ್ಯಾಂಡ್ 1915ರಲ್ಲಿ ತೆಗೆದ ವಾಲ್ ಸ್ಟ್ರೀಟ್ ಚಿತ್ರ ನಿಜವಾದ ಅಪವಾದದಂತಿದೆ. ಮೋರ್ಗನ್ ಬ್ಯಾಂಕಿನ ಕಟ್ಟಡದ ಭಾರೀ ಕಿಟಕಿಗೂಡುಗಳು ವಿವರವಿಲ್ಲದ ಕಪ್ಪು ಆಯತಗಳಾಗಿವೆ, ಗೋಡೆ ಹೆಚ್ಚುಕಡಿಮೆ ನಯವಾಗಿದೆ, ಆದರೂ ಚಿತ್ರದ ಬಲ ಕುಂದಿಲ್ಲ. ಅದು ಸಾಧಿಸಿದ್ದು ಆಳವನ್ನಲ್ಲ, ಭಾರವನ್ನು ಎಂಬುದನ್ನು ಇಲ್ಲಿ ಗಮನಿಸಬೇಕು. ಮೈವಳಿಕೆ ಕಳಚಿದ ಕಟ್ಟಡ ನೋಡುಗನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೆಳಗೆ ಉದ್ದ ನೆರಳೆಳೆದು ನಡೆಯುವ ಜನ ಅದರೆದುರು ಪುಟ್ಟವರಾಗುತ್ತಾರೆ. ಮೈವಳಿಕೆ ತೆಗೆದರೆ ಆಳ ತಗ್ಗುತ್ತದೆ ಎಂಬ ನಿಯಮವನ್ನು ಸ್ಟ್ರ್ಯಾಂಡ್ ಮುರಿದಿಲ್ಲ, ಅದನ್ನೇ ಅರ್ಥಕ್ಕೆ ಬಳಸಿಕೊಂಡಿದ್ದಾನೆ.

ಬಣ್ಣವನ್ನು ಕಳೆಯುವುದೆಂದರೆ ಮಾಹಿತಿಯನ್ನು ಕಳೆಯುವುದು, ಕೆಂಪು ಇಟ್ಟಿಗೆಯೂ ಹಸಿರು ಬಾಗಿಲೂ ಒಂದೇ ಬೂದಾಗಬಹುದು ಎಂಬ ಆಕ್ಷೇಪದಲ್ಲಿ ತಥ್ಯವಿದೆ. ಕಪ್ಪು-ಬಿಳುಪು ಯಾವ ಕಾಲದಲ್ಲೂ ತಟಸ್ಥವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಫಲಕಗಳು ಮುಖ್ಯವಾಗಿ ನೀಲಿಗೆ ಸ್ಪಂದಿಸುತ್ತಿದ್ದುದರಿಂದ ಆಕಾಶ ಬೆಳ್ಳಗೆ, ಇಟ್ಟಿಗೆ ಕಪ್ಪಗೆ ಬರುತ್ತಿತ್ತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕ 1906ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ, ಕೆಂಪು ಫಿಲ್ಟರಿನಿಂದ ಆಕಾಶವನ್ನು ಕಪ್ಪಾಗಿಸುವುದು ಛಾಯಾಗ್ರಾಹಕನ ಆಯ್ಕೆಯಾಯಿತು. ಡಿಜಿಟಲ್ ಚಿತ್ರದಲ್ಲಿ ಪ್ರತಿ ಬಣ್ಣ ಯಾವ ಬೂದಾಗಬೇಕೆಂಬುದನ್ನು ನಂತರವೂ ತೀರ್ಮಾನಿಸಬಹುದು. ಹೀಗಿದ್ದರೂ ಬಣ್ಣವೇ ಅರ್ಥವಾಗಿರುವ ಕಟ್ಟಡಕ್ಕೆ ಈ ಮಾಧ್ಯಮ ತಕ್ಕುದಲ್ಲ ಎಂದು ಒಪ್ಪಬೇಕು. ಆದರೆ ಬೂದು ಛಾಯೆಗಳ ಮೇಲಿನ ಈ ಹಿಡಿತ ಎಷ್ಟೇ ಬೆಳೆದರೂ ಕ್ಯಾಮೆರಾ ನಿಂತ ಜಾಗವನ್ನು, ಬೆಳಕು ಬಿದ್ದ ಕೋನವನ್ನು ಬದಲಿಸಲಾರದು. ಜಾಗ ಪರ್ಸ್‌ಪೆಕ್ಟಿವನ್ನು ಕೊಡುತ್ತದೆ, ಹೊತ್ತು ಮೈವಳಿಕೆಯನ್ನು ಕೊಡುತ್ತದೆ. ಒಂದನ್ನು ಬದಲಿಸಿದರೆ ಇನ್ನೊಂದನ್ನೂ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ಬೀದಿಯ ಕಟ್ಟಡವನ್ನು ಚಿತ್ರಿಸುವ ಕಲಿಕೆ ಈ ಜೋಡಿ ಲೆಕ್ಕದಿಂದ ಆರಂಭವಾಗುವುದು ಯುಕ್ತ. ಲೆನ್ಸಿನ ಆಯ್ಕೆಯೂ ಸಂಸ್ಕರಣೆಯೂ ಅದರ ನಂತರದ ಮಾತು.