ಅಸ್ಥಿಮಜ್ಜೆ ಕಸಿ: ಹಣ ಕಟ್ಟುವ ಮೊದಲು ಕೇಳಬೇಕಾದ ಲೆಕ್ಕ

"ಮಗುವಿಗೆ ಬೋನ್ ಮ್ಯಾರೋ ಕಸಿ ಆಗಬೇಕು, ಕೈಲಾದ ಸಹಾಯ ಮಾಡಿ" ಎಂಬ ಮನವಿ ನಮ್ಮ ವಾಟ್ಸ್‌ಆ್ಯಪ್ ಗ್ರೂಪ್‌ಗಳಿಗೆ ಆಗಾಗ ಬರುತ್ತದೆ. ಎಷ್ಟು ಲಕ್ಷ ಬೇಕು, ಖಾತೆ ನಂಬರ್ ಯಾವುದು, ಎಲ್ಲವೂ ಅದರಲ್ಲಿರುತ್ತದೆ. ಕಾಸರಗೋಡು, ಮಂಜೇಶ್ವರ ಕಡೆಯವರು ಮಗುವನ್ನು ಎತ್ತಿಕೊಂಡು ಮಂಗಳೂರು, ಬೆಂಗಳೂರು, ವೆಲ್ಲೂರು ಅಂತ ಓಡುತ್ತಾರೆ. ಆದರೆ ಆ ಆಸ್ಪತ್ರೆಯಲ್ಲಿ ಇಂಥ ಕಸಿ ಎಷ್ಟು ನಡೆದಿದೆ, ಎಷ್ಟು ಮಂದಿ ಬದುಕಿದ್ದಾರೆ ಎಂದು ಕೇಳುವವರು ಕಡಿಮೆ. ನಾನು ಡಾಕ್ಟರ್ ಅಲ್ಲ, ಬಿಕಾಂ ಓದಿ ಅಂಗಡಿ ನಡೆಸುವವನು. ಓದುತ್ತಾ ಹೋದಾಗ ತಿಳಿದದ್ದೇನೆಂದರೆ, ಈ ಚಿಕಿತ್ಸೆಯ ಗುಣಮಟ್ಟ ನಿಂತಿರುವುದೂ ಲೆಕ್ಕ ಮತ್ತು ಆಡಿಟ್ ಮೇಲೆಯೇ.

ರಕ್ತ ಉತ್ಪತ್ತಿ ಮಾಡುವ ಆಕರಕೋಶಗಳು ಮೂಳೆಯೊಳಗಿನ ಮಜ್ಜೆಯಲ್ಲಿರುತ್ತವೆ. ರೋಗಿಯ ಹಾಳಾದ ಮಜ್ಜೆಯನ್ನು ಕೀಮೋ ಔಷಧಿಯಿಂದ ಅಳಿಸಿ, ದಾನಿಯ ಆಕರಕೋಶಗಳನ್ನು ರಕ್ತ ಏರಿಸುವಂತೆಯೇ ಡ್ರಿಪ್‌ನಲ್ಲಿ ಕೊಡುತ್ತಾರೆ. ಆಪರೇಷನ್ ಏನಿಲ್ಲ. ಅಪಾಯ ಇರುವುದು ಆಮೇಲೆ. ಹೊಸ ಕೋಶಗಳು ಬೇರು ಬಿಡಲು ಎರಡರಿಂದ ನಾಲ್ಕು ವಾರ ಬೇಕು. ಅಲ್ಲಿವರೆಗೆ ರೋಗಿಗೆ ಪ್ರತಿರೋಧ ಶಕ್ತಿಯೇ ಇರುವುದಿಲ್ಲ. ಕೆಲವೊಮ್ಮೆ ದಾನಿಯ ಕೋಶಗಳೇ ರೋಗಿಯ ಚರ್ಮ, ಲಿವರ್, ಕರುಳಿನ ಮೇಲೆ ದಾಳಿ ಮಾಡುತ್ತವೆ.

1957ರಲ್ಲಿ ಅಮೆರಿಕದ ಇ. ಡೊನಾಲ್ ಥಾಮಸ್ ಪ್ರಕಟಿಸಿದ ಮೊದಲ ವರದಿಯಲ್ಲಿ ಆರು ರೋಗಿಗಳಿದ್ದರು. ಯಾರೂ 100 ದಿನ ದಾಟಲಿಲ್ಲ. ಅದೇ ಥಾಮಸ್‌ಗೆ 1990ರಲ್ಲಿ ನೊಬೆಲ್ ಬಂತು. ಈ ನಡುವೆ ಆದದ್ದು ದೊಡ್ಡ ಕೆಲಸ. ಒಂದೇ ಆಸ್ಪತ್ರೆಗೆ ಬರುವ ಕೇಸುಗಳು ಕೆಲವೇ, ಅದರಿಂದ ಕಲಿಯಲು ಆಗುವುದಿಲ್ಲ. ಹಾಗಾಗಿ 1972ರಲ್ಲಿ ಅಂತಾರಾಷ್ಟ್ರೀಯ ನೋಂದಣಿ ಪುಸ್ತಕ ಶುರುವಾಯಿತು, 1974ರಲ್ಲಿ ಯುರೋಪಿನ ಡಾಕ್ಟರ್‌ಗಳು ಇಬಿಎಂಟಿ ಎಂಬ ಕೂಟ ಕಟ್ಟಿದರು. ಗೆದ್ದ ಕೇಸು ಮಾತ್ರವಲ್ಲ, ಸತ್ತವರ ವಿವರವೂ ಬರೆಯಬೇಕು ಎಂಬುದು ಅಲ್ಲಿನ ಪದ್ಧತಿ. ನಷ್ಟದ ಪುಟ ಹರಿದು ಹಾಕಿದ ಅಂಗಡಿಯ ಲೆಕ್ಕವನ್ನು ಯಾರು ನಂಬುತ್ತಾರೆ?

1998ರಲ್ಲಿ ಯುರೋಪಿನಲ್ಲಿ 'ಜೇಸಿ' ಎಂಬ ಮಾನ್ಯತಾ ವ್ಯವಸ್ಥೆ ಬಂತು. ಅಮೆರಿಕದ 'ಫ್ಯಾಕ್ಟ್' ಸಂಸ್ಥೆಯೊಂದಿಗೆ ಸೇರಿ ಒಂದೇ ನಿಯಮಾವಳಿ ತಯಾರಿಸಿದರು. ದಾನಿಯಿಂದ ಕೋಶ ತೆಗೆಯುವುದು, ಲ್ಯಾಬ್‌ನಲ್ಲಿ ಸಂಸ್ಕರಿಸಿ ಇಡುವುದು, ರೋಗಿಗೆ ಚಿಕಿತ್ಸೆ ಕೊಡುವುದು, ಮೂರಕ್ಕೂ ಲಿಖಿತ ವಿಧಾನ ಇರಬೇಕು. ಬ್ಯಾಗ್ ಮೇಲಿನ ಲೇಬಲ್ ತಪ್ಪಿದರೂ ದಾಖಲಾಗಬೇಕು. ಬೇರೆಯವರ ಕೋಶ ಕಸಿ ಮಾಡುವ ಕೇಂದ್ರ ವರ್ಷಕ್ಕೆ ಕನಿಷ್ಠ 10 ಹೊಸ ರೋಗಿಗಳನ್ನಾದರೂ ನೋಡಿರಬೇಕು. ತಪಾಸಣೆಗೆ ಬರುವವರು ಇನ್ನೊಂದು ಕೇಂದ್ರದಲ್ಲಿ ಇದೇ ಕೆಲಸ ಮಾಡುವ ಪರಿಣತರು, ಕಣ್ತಪ್ಪಿಸುವುದು ಸುಲಭವಲ್ಲ.

ಇದು ಬರೀ ಕಾಗದದ ಕೆಲಸ ಅಂತ ಗೊಣಗಿದವರೂ ಇದ್ದರು. 2011ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ಪರಿಶೀಲಿಸಿದ ಯುರೋಪಿನ ಅಧ್ಯಯನವೊಂದು ಬಂತು. ಮಾನ್ಯತೆಯ ಹಾದಿಯಲ್ಲಿ ಮುಂದೆ ಹೋದ ಕೇಂದ್ರಗಳಲ್ಲಿ ರೋಗಿಗಳು ಉಳಿಯುವ ಪ್ರಮಾಣವೂ ಉತ್ತಮವಾಗಿತ್ತು.

ನಮ್ಮ ದೇಶದಲ್ಲಿ ಮೊದಲ ಕಸಿ ನಡೆದದ್ದು 1983ರಲ್ಲಿ, ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. ವೆಲ್ಲೂರಿನ ಸಿಎಂಸಿ 1986ರಲ್ಲಿ ಶುರು ಮಾಡಿತು. ಭಾರತದ್ದೇ ಕಸಿ ನೋಂದಣಿಯೂ ಇದೆ. ಹಾಗಾಗಿ ಡಾಕ್ಟರ್ ಹತ್ತಿರ ಮರ್ಯಾದೆಯಿಂದಲೇ ಕೇಳಬಹುದು: ಇದೇ ಕಾಯಿಲೆಗೆ ಕಳೆದ ವರ್ಷ ಎಷ್ಟು ಕಸಿ ಮಾಡಿದ್ದೀರಿ? 100 ದಿನ, ಒಂದು ವರ್ಷ ದಾಟಿದವರೆಷ್ಟು? ನೋಂದಣಿಗೆ ವಿವರ ಕಳಿಸುತ್ತೀರಾ? ಆದರೆ ಕಷ್ಟದ ಕೇಸುಗಳನ್ನೇ ತೆಗೆದುಕೊಳ್ಳುವ ಆಸ್ಪತ್ರೆಯ ಅಂಕಿ ಸ್ವಲ್ಪ ಕಡಿಮೆ ಕಾಣಬಹುದು. ಅದನ್ನೂ ಕೇಳಿ ತಿಳಿಯಿರಿ.

ಆಟಿಸಂ, ಶುಗರ್‌ಗೆ 'ಸ್ಟೆಮ್ ಸೆಲ್ ಚಿಕಿತ್ಸೆ' ಎಂಬ ಜಾಹೀರಾತು ಇದಲ್ಲ, ಬೇರೆಯೇ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕಾಯಿಲೆಗಳ ಕಸಿ ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಪ್ರಯೋಗದ ಹಂತದ್ದು, ಅದಕ್ಕೆ ದುಡ್ಡು ವಸೂಲಿ ಮಾಡುವಂತಿಲ್ಲ.

ಇನ್ನು ದಾನಿಯ ವಿಷಯ. ಒಡಹುಟ್ಟಿದ ಒಬ್ಬರೊಂದಿಗೆ ಎಚ್‌ಎಲ್‌ಎ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊರಗೆ ಹುಡುಕುವಾಗ ಒಂದೇ ಮೂಲದ ಜನರಲ್ಲಿ ಸಿಗುವ ಸಂಭವ ಹೆಚ್ಚು. ಬ್ಯಾರಿ ಮಗುವಿಗೆ ದಾನಿ ಜರ್ಮನಿಯ ಪಟ್ಟಿಗಿಂತ ನಮ್ಮ ಕರಾವಳಿಯಲ್ಲೇ ಸಿಗಬಹುದು, ಆದರೆ ಹೆಸರು ಪಟ್ಟಿಯಲ್ಲಿದ್ದರೆ ತಾನೇ? ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ ಹೆಸರು ಬರೆಸಿಕೊಳ್ಳುತ್ತವೆ. ಕೆನ್ನೆಯ ಒಳಭಾಗಕ್ಕೆ ಹತ್ತಿ ಕಡ್ಡಿ ತಾಗಿಸಿ ಕೊಟ್ಟರೆ ಮುಗಿಯಿತು. ಮುಂದೆ ಹೊಂದಿಕೆಯಾಗಿ ಕರೆ ಬಂದರೆ ಹೆಚ್ಚಿನವರಿಗೆ ಕೆಲವು ದಿನ ಇಂಜೆಕ್ಷನ್, ಆಮೇಲೆ ಕೆಲವು ಗಂಟೆ ಪ್ಲೇಟ್‌ಲೆಟ್ ಕೊಡುವಂತೆ ಮಷಿನ್ ಪಕ್ಕ ಮಲಗುವುದು. ಒಪ್ಪಿ ಕೊನೆ ಗಳಿಗೆಯಲ್ಲಿ ಹಿಂದೆ ಸರಿಯಬಾರದು, ಅಷ್ಟರಲ್ಲಿ ರೋಗಿಯ ಮಜ್ಜೆಯನ್ನು ಅಳಿಸಿ ಆಗಿರುತ್ತದೆ.