ಲಾರಿಯ ಎಂಜಿನು, ಕಾರಿನ ಮೈ

ಹಳೆಯ ಅಮೆರಿಕನ್ ಕಾರೊಂದನ್ನು ಮತ್ತೆ ರಸ್ತೆಗಿಳಿಸಬೇಕೆಂದು ಹೊರಟವರು ತುಮಕೂರಿನವರಿರಲಿ, ಗುಬ್ಬಿ, ಕುಣಿಗಲ್ಲುಗಳವರಿರಲಿ, ಮೊದಲು ಎತ್ತಿ ನೋಡುವುದು ಬಾನೆಟ್ಟನ್ನು. ಅಲ್ಲಿ ಎಷ್ಟೋ ವೇಳೆ ಕಾಣುವುದು ಆ ಕಾರಿನೊಂದಿಗೆ ಹುಟ್ಟಿದ ಎಂಜಿನಲ್ಲ. ಯಾವುದೋ ಲಾರಿಯ ಹೊಟ್ಟೆಯಿಂದ ಬಂದ ಡೀಸೆಲ್ ಎಂಜಿನು. ಹಳೆಯ ಕಾರುಗಳ ಅಭಿಮಾನಿಗಳು ಇದನ್ನು ಕಂಡು ಹಣೆ ಚಚ್ಚಿಕೊಳ್ಳುವುದುಂಟು. ಆದರೆ ಇದರ ಹಿಂದೆ ಒಂದು ಚರಿತ್ರೆಯಿದೆ.

ಜನರಲ್ ಮೋಟಾರ್ಸ್ ಸಂಸ್ಥೆ 1928ರಲ್ಲಿ ಮುಂಬಯಿಯ ಸಿವ್ರಿಯಲ್ಲಿ ಷೆವರ್ಲೆ ಗಾಡಿಗಳನ್ನು ಜೋಡಿಸತೊಡಗಿತು. ಮರುವರ್ಷವೇ ಷೆವರ್ಲೆಗೆ ಆರು ಸಿಲಿಂಡರಿನ 3.2 ಲೀಟರ್ ಎಂಜಿನು ಬಂತು. 1932ರಲ್ಲಿ ಫೋರ್ಡ್ ತನ್ನ 3.6 ಲೀಟರಿನ ವಿ-8 ಹೊರತಂದಿತು. ಅಮೆರಿಕದವರು ಇಂದು 'ಬಿಗ್ ಬ್ಲಾಕ್' ಎನ್ನುವ ಜಾತಿ ಇವಲ್ಲ. ಷೆವರ್ಲೆಯ ಅಂಥ ಮೊದಲ ಎಂಜಿನು 1958ರದು, 5.7 ಲೀಟರಿನದು. ಅಷ್ಟರಲ್ಲಿ, 1954ರಲ್ಲೇ, ಜನರಲ್ ಮೋಟಾರ್ಸ್ ಇಲ್ಲಿನ ಜೋಡಣೆಯನ್ನು ನಿಲ್ಲಿಸಿ ಹೋಗಿತ್ತು. ಹೀಗಾಗಿ ನಮ್ಮವರ ಪಾಲಿಗೆ 'ದೊಡ್ಡ ಎಂಜಿನು' ಎಂದರೆ ಆ ಆರು, ಎಂಟು ಸಿಲಿಂಡರಿನವೇ.

ದೊಡ್ಡ ಎಂಜಿನ್ನಿಗೆ ಮೇವೂ ದೊಡ್ಡದು. ಟಿಪ್ಪುವಿನ ಕಾಲದಿಂದ ಕುದುರೆ ಕಂಡ ಕುಣಿಗಲ್ಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಗ್ಯಾಸಿನಲ್ಲಿ ಓಡಿದವು. 1973ರ ತೈಲ ಬಿಕ್ಕಟ್ಟು ಕಾರಿನ ಯಜಮಾನನ ಜೇಬಿಗೇ ಕೈ ಹಾಕಿತು. ಟ್ಯಾಕ್ಸಿ ಓಡಿಸಿ ಹೊಟ್ಟೆ ಹೊರೆಯುವವನಿಗಂತೂ ಉಳಿದದ್ದು ಎರಡೇ ದಾರಿ: ಕಾರನ್ನು ಗುಜರಿಗೆ ಹಾಕುವುದು, ಇಲ್ಲವೇ ಡೀಸೆಲ್ಲಿಗೆ ತಿರುಗಿಸುವುದು.

ಡೀಸೆಲ್ ಎಲ್ಲಿಂದ ಬರಬೇಕು? ಕುರ್ಲಾದ ಪ್ರೀಮಿಯರ್ ಕಾರ್ಖಾನೆಯ ಡಾಜ್, ಫಾರ್ಗೋ ಲಾರಿಗಳಲ್ಲಿ ಪರ್ಕಿನ್ಸ್ ಪಿ6 ಇತ್ತು. ಇಂಗ್ಲೆಂಡಿನ ಪೀಟರ್‌ಬರೋದಲ್ಲಿ 1937ರಲ್ಲಿ ಹುಟ್ಟಿದ ಆರು ಸಿಲಿಂಡರಿನ, 4.73 ಲೀಟರಿನ ಎಂಜಿನು. ಮದರಾಸಿನ ಸಿಂಪ್ಸನ್ ಸಂಸ್ಥೆಯೂ ಪರ್ಕಿನ್ಸ್ ಎಂಜಿನುಗಳನ್ನು ತಯಾರಿಸಿತು. ಮುದಿ ಲಾರಿ ಒಡೆದಾಗ ಎಂಜಿನು ಗುಜರಿ ಸೇರುತ್ತಿತ್ತು. ಬೆಂಗಳೂರಿನ ಶಿವಾಜಿನಗರದ ಗುಜರಿಯೂ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳೂ ತುಮಕೂರಿಗೆ ದೂರವೇನಲ್ಲ.

ಕೂರಿಸುವುದು ಮಾತ್ರ ಸುಲಭದ ಕೆಲಸವಲ್ಲ. ಡೀಸೆಲ್ ಎಂಜಿನು ಭಾರ. ಮುಂದಿನ ಸ್ಪ್ರಿಂಗು ಕುಸಿಯುತ್ತದೆ. ಎಂಜಿನಿಗೂ ಕಾರಿನ ಗೇರ್‌ಬಾಕ್ಸಿಗೂ ನಡುವೆ ಲೇತಿನಲ್ಲಿ ಕಡೆದ ತಟ್ಟೆಯೊಂದು ಬೇಕು, ಅದು ಕೂದಲೆಳೆಯಷ್ಟು ಓರೆಯಾದರೂ ಕ್ಲಚ್ಚು ಬಾಳದು. ಹಳೆಯ ಕಾರಿನ 6 ವೋಲ್ಟಿನ ಬ್ಯಾಟರಿ ಡೀಸೆಲ್ಲನ್ನು ತಿರುಗಿಸಲಾರದು. ಇಷ್ಟಾದ ಮೇಲೂ ಲಾರಿಯ ನಡುಕವೆಲ್ಲ ಕಾರಿನ ಬಾಗಿಲಿಗೆ ಬರುತ್ತದೆ. ಆದರೂ ಮಾಡಿದರು, ಮಾಡಿದ್ದರಿಂದಲೇ ಆ ಮೈಗಳು ಉಳಿದವು. ಮೂಲ ಎಂಜಿನನ್ನು ಎಸೆದವರನ್ನು ಬಯ್ಯುವವರು ಇದನ್ನು ಮರೆಯುತ್ತಾರೆಂದು ನನಗನ್ನಿಸುತ್ತದೆ.

ಈಗ ಕಾಲ ತಿರುಗಿದೆ. ಅಂದು ತೂಕಕ್ಕೆ ಮಾರಿದ ಪೆಟ್ರೋಲ್ ಎಂಜಿನನ್ನೇ ಇಂದು ಹುಡುಕಿಕೊಂಡು ಹೋಗಬೇಕು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಅದು ಮೂಲರೂಪದಲ್ಲಿರಬೇಕು. ಚಾಸಿ, ಮೈ, ಎಂಜಿನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಪ್ಪನ ಕಾಲದಲ್ಲಿ ಕಾರನ್ನು ಉಳಿಸಿದ ಡೀಸೆಲ್ ಎಂಜಿನೇ ಮಗನ ಅರ್ಜಿಗೆ ಅಡ್ಡವಾಗಬಹುದು.

ಹಳೆಯ ಎಂಜಿನು ಕೊಳ್ಳುವಾಗ ಬಣ್ಣ ಹೊಡೆದ ಹೊರಮೈಗೆ ಮರುಳಾಗಬಾರದು. ಕೈಯಿಂದ ತಿರುಗಿಸಿ ನೋಡಿ. ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣದಲ್ಲಿದ್ದರೆ ಒಳಗೆ ನೀರು ಸೇರಿದೆ. ಬ್ಲಾಕೇ ಬಿರುಕು ಬಿಟ್ಟಿರಬಹುದು. ಹೆಡ್ ಬಿಚ್ಚಿಸಿ ಬೋರಿನ ಸವೆತ ಅಳೆಸಿ. ಇವೆಲ್ಲಕ್ಕಿಂತ ಮೊದಲು, ಬ್ಲಾಕಿನ ಮೇಲೆ ಒತ್ತಿದ ನಂಬರು ಮಾರುವವನ ಕಾಗದದ ನಂಬರಿಗೆ ಹೊಂದುತ್ತದೆಯೇ ನೋಡಿ. ನಂಬರು ಉಜ್ಜಿದ ಗುರುತಿದ್ದರೆ ಬೆಲೆ ಕೇಳದೆ ಹೊರಟುಬಿಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಗಾಡಿಯ ಮಾರ್ಪಾಡಿಗೆ ಮಿತಿ ಹಾಕಿದೆ, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಓದಿದೆ. ಆದ್ದರಿಂದ ಮುಂಗಡ ಕೊಡುವ ಮೊದಲೇ ಆರ್.ಟಿ.ಓ. ಕಚೇರಿಗೆ ಹೋಗಿ, ಈ ಎಂಜಿನು ಈ ಕಾರಿಗೆ ಆದೀತೇ ಎಂದು ಕೇಳಿಕೊಂಡು ಬರುವುದು ಒಳ್ಳೆಯದು.