ಗಾಯ, ಕೊಯ್ಲು, ಉಳಿವು: ಕಡಲ ಸೌತೆ ಮತ್ತು ಸಕ್ಕರೆ ಮೇಪಲ್ ಕುರಿತ ತೌಲನಿಕ ಟಿಪ್ಪಣಿ

ಮನ್ನಾರ್ ಕೊಲ್ಲಿಯ ಮರಳಿನಲ್ಲಿ ಹುದುಗಿ ಬದುಕುವ ಕಡಲ ಸೌತೆ ಹೊಲೊತೂರಿಯಾ ಸ್ಕಾಬ್ರಾಕ್ಕೂ ಈಶಾನ್ಯ ಅಮೆರಿಕ ಮತ್ತು ಕೆನಡಾದ ಸಕ್ಕರೆ ಮೇಪಲ್ ಮರ ಏಸರ್ ಸ್ಯಾಕರಮ್‌ಗೂ ವರ್ಗೀಕರಣದಲ್ಲಿ ಯಾವ ನಂಟೂ ಇಲ್ಲ. ಎರಡನ್ನೂ ಮನುಷ್ಯರು ಶತಮಾನಗಳಿಂದ ಕೊಯ್ಲು ಮಾಡುತ್ತ ಬಂದಿದ್ದಾರೆ, ಎರಡೂ ಗಾಯವನ್ನು ತಾಳಬಲ್ಲವು. ಗಾಯ ತಾಳುವ ಶಕ್ತಿಯಿದ್ದರೆ ಪ್ರಭೇದ ಉಳಿದೀತೇ ಎಂಬುದು ಇಲ್ಲಿನ ಪ್ರಶ್ನೆ.

ಶಕ್ತಿಯನ್ನಷ್ಟೇ ಅಳೆದರೆ ಕಡಲ ಸೌತೆಯದೇ ಮೇಲುಗೈ. ಅಪಾಯ ಎದುರಾದಾಗ ಅದು ಕರುಳನ್ನೇ ಹೊರಚೆಲ್ಲಿ, ಕೆಲವು ವಾರಗಳಲ್ಲಿ ಮತ್ತೆ ಬೆಳೆಸಿಕೊಳ್ಳಬಲ್ಲದು. ಮೇಪಲ್ ಮರಕ್ಕೆ ಗಾಯ ಮಾಯುವುದೇ ಇಲ್ಲ. ರಸ ಇಳಿಸಲು ಕೊರೆದ ತೂತಿನ ಸುತ್ತಲಿನ ಕಟ್ಟಿಗೆಯನ್ನು ಮರ ಮುಚ್ಚಿ ಬೇರ್ಪಡಿಸುತ್ತದೆ, ಆ ಭಾಗದಲ್ಲಿ ರಸ ಮತ್ತೆಂದೂ ಹರಿಯದು. ಹಾಗಾಗಿ ಪ್ರತಿ ವಸಂತದಲ್ಲೂ ಬೇರೆಡೆ ಹೊಸ ತೂತು ಬೇಕು. ರಾತ್ರಿಯ ಹಿಮಗಟ್ಟುವ ಚಳಿ, ಹಗಲಿನ ಬಿಸುಪು ಒಂದರ ಹಿಂದೊಂದು ಬಂದಾಗ ಕಾಂಡದೊಳಗೆ ಒತ್ತಡ ಏರಿ ರಸ ಸುರಿಯುತ್ತದೆ. ಅದರಲ್ಲಿ ಸಕ್ಕರೆ ಶೇ. 2ರಷ್ಟು ಮಾತ್ರ, ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸ ಕುದಿಯಬೇಕು. ಇಷ್ಟು ಕೊಟ್ಟ ಮೇಲೂ ಮರ ಚಿಗುರುತ್ತದೆ, ಬೀಜ ಉದುರಿಸುತ್ತದೆ.

ಕಡಲ ಸೌತೆಯಿಂದ ಮನುಷ್ಯ ಪಡೆಯುವುದು ಇಡೀ ದೇಹವನ್ನೇ. ಕರುಳು ತೆಗೆದು, ಬೇಯಿಸಿ, ಒಣಗಿಸಿ ಮುಖ್ಯವಾಗಿ ಚೀನಾದ ಮಾರುಕಟ್ಟೆಗೆ ಕಳಿಸುತ್ತಾರೆ. ಅಲ್ಲಿಗೆ ಪುನರುತ್ಪತ್ತಿಯ ಶಕ್ತಿಗೆ ಅವಕಾಶವೇ ಉಳಿಯದು. ಇದಕ್ಕಿಂತ ದೊಡ್ಡ ಹಾನಿಯೊಂದು ಕಣ್ಣಿಗೆ ಬೀಳದೆ ನಡೆಯುತ್ತದೆ. ಹೆಣ್ಣು ಗಂಡುಗಳು ಅಂಡ, ವೀರ್ಯಗಳನ್ನು ನೀರಿಗೇ ಬಿಡುವುದರಿಂದ, ಉಳಿದ ಪ್ರಾಣಿಗಳು ದೂರ ದೂರ ಚದುರಿದ್ದರೆ ಅಂಡ, ವೀರ್ಯ ಕೂಡುವ ಸಂಭವವೇ ಕುಸಿಯುತ್ತದೆ. ಬದುಕಿರುವವೂ ಸಂತಾನಕ್ಕೆ ಒದಗುವುದಿಲ್ಲ. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಈ ಪ್ರಭೇದ ಅಳಿವಿನಂಚಿನಲ್ಲಿದೆ. ಭಾರತ 2001ರಲ್ಲಿ ಎಲ್ಲ ಕಡಲ ಸೌತೆಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿ, ಅವುಗಳ ಕೊಯ್ಲನ್ನು ನಿಷೇಧಿಸಿತು.

ಮೇಪಲ್‌ಗೆ ಕುತ್ತು ಬಂದದ್ದು ಮಣ್ಣಿನಿಂದ. ಆಮ್ಲಮಳೆ ಮಣ್ಣಿನ ಕ್ಯಾಲ್ಸಿಯಂ ತೊಳೆದೊಯ್ದಾಗ ಮರಗಳು ಸೊರಗಿದವು. ನ್ಯೂ ಹ್ಯಾಂಪ್‌ಶೈರ್‌ನ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ 1999ರಲ್ಲಿ ಹೆಲಿಕಾಪ್ಟರ್‌ನಿಂದ ಕ್ಯಾಲ್ಸಿಯಂ ಸಿಲಿಕೇಟ್ ಎರಚಿದ ಮೇಲೆ ಅವು ಚೇತರಿಸಿಕೊಂಡವು. ಕಾರಣ ತಿಳಿದು ಮಾಡಿದ ಚಿಕಿತ್ಸೆ ಫಲಿಸಿತು ಎಂಬುದು ನನಗೆ ಮುಖ್ಯವೆನಿಸುತ್ತದೆ.

ಕಡಲ ಸೌತೆಯ ಚಿಕಿತ್ಸೆಗೂ ದಾರಿ ನಮ್ಮಲ್ಲೇ ಇದೆ. 1988ರಲ್ಲೇ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತೂತ್ತುಕುಡಿಯಲ್ಲಿ ಇದರ ಮರಿಗಳನ್ನು ಬೆಳೆಸಿದ್ದರು. ಅಂಥ ಮರಿಗಳನ್ನು ಕಡಲ ಹುಲ್ಲಿನ ತಾಣಗಳಲ್ಲಿ ಒತ್ತೊತ್ತಾಗಿ ಬಿಡಬೇಕು. ನಿಷೇಧ ಸಡಿಲಿಸುವ ಮಾತೆತ್ತುವವರು ಮೊದಲು ಪ್ರಾಣಿಗಳ ಎಣಿಕೆಯ ಜೊತೆಗೆ ಅವುಗಳ ನಡುವಿನ ಅಂತರವನ್ನೂ ಅಳೆಯಲಿ.